ಬಿಟ್ಟಿ ದುಡ್ಡಿಗೊಂದು ತಾರೀಖು

ಫಾರ್ಮ್ 16 ಬಂದ ದಿನ ನಮ್ಮ ಆಫೀಸಿನ ಊಟದ ಟೇಬಲ್‌ನಲ್ಲಿ ಯಾರಿಗೂ ಸರಿಯಾಗಿ ಊಟ ಸೇರುವುದಿಲ್ಲ. ವರ್ಷಪೂರ್ತಿ ಎಷ್ಟು ತೆರಿಗೆ ಕಟ್ಟಿದೆವು ಅನ್ನೋದು ಒಂದೇ ಸಾಲಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ಈ ಸಲವೂ ಹಾಗೇ ಆಯಿತು. ಎದುರಿಗೆ ಕೂತಿದ್ದ ಸಹೋದ್ಯೋಗಿ ಡಬ್ಬಿಯ ಮುಚ್ಚಳ ತೆಗೆಯುತ್ತಾ, "ನಾವಿಲ್ಲಿ ರಾತ್ರಿ ಹನ್ನೊಂದರವರೆಗೆ ಕಾಲ್‌ನಲ್ಲಿ ಕೂರೋದು, ಅಲ್ಲಿ ಮನೇಲಿ ಕೂತೋರಿಗೆ ತಿಂಗಳಿಗೆ ಎರಡು ಸಾವಿರ. ಎಲ್ಲ ನಮ್ಮ ಟ್ಯಾಕ್ಸ್ ದುಡ್ಡಲ್ಲಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಐದು ನಿಮಿಷ ಕಳೆದಿರಬೇಕು, ಮಾತು ಎಐ ಕಡೆ ತಿರುಗಿತು. ಪಕ್ಕದ ಟೀಮಿನಲ್ಲಿ ಕೆಲಸ ಕಡಿಮೆಯಾಗುತ್ತಿರುವ ಸುದ್ದಿ ಎಲ್ಲರಿಗೂ ಗೊತ್ತಿತ್ತು. ಅದೇ ಸಹೋದ್ಯೋಗಿ ಈಗ ಗಂಭೀರವಾಗಿ, "ಕೊನೆಗೆ ಯುಬಿಐ ತರಲೇಬೇಕಾಗುತ್ತೆ ಬಿಡಿ. ಮಷಿನ್ ಎಲ್ಲ ಕೆಲಸ ಮಾಡೋ ಹಾಗಾದ್ರೆ ಸರ್ಕಾರ ನಮಗೆ ತಿಂಗಳಿಗೆ ಇಷ್ಟು ಅಂತ ಕೊಡ್ಬೇಕಲ್ವಾ?" ಅಂದರು. ಅದಕ್ಕೆ ಎಲ್ಲರೂ ತಲೆದೂಗಿದರು. ಯಾರೂ ನಗಲಿಲ್ಲ.

ನಾನು ಮೊಸರನ್ನ ಕಲಸುತ್ತಾ ಸುಮ್ಮನೆ ಕೂತಿದ್ದೆ. ಮನೇಲಿ ಕೂತು ಎರಡು ಸಾವಿರ ತಗೊಳ್ಳೋರ ಪೈಕಿ ನಮ್ಮಮ್ಮನೂ ಒಬ್ಬಳು. ಶಿರಾ ಕಡೆಯ ಹಳ್ಳಿಯವಳು. ಅದನ್ನು ಹೇಳೋಕೆ ಅವತ್ತು ನನಗೆ ಬಾಯಿ ಬರಲಿಲ್ಲ. ಆದರೆ ಒಂದು ಪ್ರಶ್ನೆ ಅಲ್ಲಿಂದ ಎದ್ದು ನನ್ನ ಜೊತೆಗೇ ಬಂತು. ಅಮ್ಮನಿಗೆ ಬಂದರೆ ಬಿಟ್ಟಿ, ನಮಗೆ ಬಂದರೆ ಯುಬಿಐ. ಎರಡಕ್ಕೂ ಏನು ವ್ಯತ್ಯಾಸ?

ಐದು ಷರತ್ತು, ಅಥವಾ ಷರತ್ತೇ ಇಲ್ಲ

ವ್ಯತ್ಯಾಸ ಇದೆ. ಯುಬಿಐ ಅಂದರೆ ಸಾರ್ವತ್ರಿಕ ಮೂಲ ಆದಾಯ. ಅದಕ್ಕೆ ಐದು ಲಕ್ಷಣ ಹೇಳುತ್ತಾರೆ. ಅದು ನಗದು ಆಗಿರಬೇಕು, ಅಕ್ಕಿ-ಸೀರೆ-ಸೈಕಲ್ ಅಲ್ಲ. ಒಂದೇ ಸಲ ಕೊಟ್ಟು ಮುಗಿಸದೆ ನಿಯಮಿತವಾಗಿ ಬರುತ್ತಿರಬೇಕು. ಮನೆಗೆ ಇಷ್ಟು ಅಂತ ಅಲ್ಲ, ಪ್ರತಿ ವ್ಯಕ್ತಿಗೆ ಇಷ್ಟು ಅಂತ ಕೊಡಬೇಕು. ಬಡವ, ಶ್ರೀಮಂತ ಅಂತ ಸೋಸದೆ ಎಲ್ಲರಿಗೂ ಕೊಡಬೇಕು. ಕೆಲಸ ಮಾಡು, ಮಗುವನ್ನು ಶಾಲೆಗೆ ಕಳಿಸು ಅನ್ನೋ ಯಾವ ಷರತ್ತೂ ಇರಬಾರದು.

ಈ ಅಳತೆಗೋಲು ಹಿಡಿದರೆ ನಮ್ಮ ಗೃಹಲಕ್ಷ್ಮಿ ಮೂರು ಪರೀಕ್ಷೆ ಪಾಸಾಗುತ್ತದೆ, ಎರಡರಲ್ಲಿ ಫೇಲ್. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಈ ಯೋಜನೆಯ ದುಡ್ಡು ನಗದಾಗಿ ಖಾತೆಗೆ ಬರುತ್ತದೆ. ಲೆಕ್ಕಕ್ಕೆ ಪ್ರತಿ ತಿಂಗಳು ಬರಬೇಕು. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ. ಆದರೆ ಅದು ಸಿಗೋದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಹೆಸರಿರುವವರಿಗೆ ಮಾತ್ರ. ಅತ್ತೆಗೋ ಸೊಸೆಗೋ ಅಂತ ಆಗ ಟಿವಿಗಳಲ್ಲಿ ಎಷ್ಟು ದಿನ ಪಂಚಾಯ್ತಿ ನಡೆಯಿತು ಅಂತ ನೆನಪಿರಬಹುದು. ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾದರೆ ದುಡ್ಡಿಲ್ಲ.

ನಮ್ಮ ಬೀದಿಯಲ್ಲೇ ಗಂಡನನ್ನು ಬಿಟ್ಟು ಅಣ್ಣನ ಮನೆಗೆ ಬಂದಿರುವ ಒಬ್ಬಾಕೆ ಇದ್ದಾಳೆ. ಅವಳ ಹೆಸರು ಇನ್ನೂ ಗಂಡನ ಮನೆಯ ಕಾರ್ಡಿನಲ್ಲಿದೆ. ಅಲ್ಲಿ ಯಜಮಾನಿ ಅವಳ ಅತ್ತೆ. ಇಡೀ ಊರಿನಲ್ಲಿ ಕೈಯಲ್ಲೊಂದಿಷ್ಟು ಸ್ವಂತ ದುಡ್ಡು ಬೇಕಾಗಿರೋದು ಯಾರಿಗೆ ಅಂದರೆ ನಾನು ಮೊದಲು ಅವಳ ಹೆಸರೇ ಹೇಳ್ತೀನಿ. ಅವಳಿಗೆ ಬರೋದಿಲ್ಲ. ಮನೆಗೆ ಇಷ್ಟು ಅನ್ನೋದನ್ನು ಬಿಟ್ಟು 'ಪ್ರತಿ ವ್ಯಕ್ತಿಗೆ' ಅಂತ ಯುಬಿಐ ವಾದಿಗಳು ಯಾಕೆ ಹಟ ಹಿಡೀತಾರೆ ಅಂತ ನನಗೆ ಅರ್ಥವಾಗಿದ್ದು ಅವಳಿಂದ.

ದಿಲ್ಲಿಯಲ್ಲಿ ಒಂದು ಅಧ್ಯಾಯ

ಇದು ಎಐ ಬಂದಮೇಲೆ ಹುಟ್ಟಿದ ಮಾತಲ್ಲ. 2017ರ ಜನವರಿ ಕೊನೆಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿನ ಮುಂದಿಟ್ಟ ಆರ್ಥಿಕ ಸಮೀಕ್ಷೆಯಲ್ಲಿ ಇದಕ್ಕೆಂದೇ ಒಂದು ಪೂರ್ತಿ ಅಧ್ಯಾಯ ಇತ್ತು. ಆಗಿನ ಮುಖ್ಯ ಆರ್ಥಿಕ ಸಲಹೆಗಾರ ಅರವಿಂದ ಸುಬ್ರಮಣಿಯನ್ ಅದನ್ನು ಗಾಂಧೀಜಿ ಜೊತೆಗಿನ ಸಂವಾದ ಅನ್ನೋ ರೀತಿಯಲ್ಲಿ ಕಟ್ಟಿದ್ದರು. ಪ್ರತಿ ಕಣ್ಣಿನ ನೀರನ್ನೂ ಒರೆಸಬೇಕು ಅಂದವರೂ ಗಾಂಧಿಯೇ, ಕೈಕಾಲು ಗಟ್ಟಿ ಇರುವವರಿಗೆ ದುಡಿಯದೆ ಅನ್ನ ಹಾಕುವುದನ್ನು ಒಪ್ಪದವರೂ ಗಾಂಧಿಯೇ. ನಮ್ಮ ಊಟದ ಟೇಬಲ್ ಜಗಳ ಆಗಲೇ ಅವರೊಬ್ಬರ ಒಳಗೇ ನಡೆದಿತ್ತು ಅನ್ನಬಹುದು.

ಆ ಅಧ್ಯಾಯದ ಲೆಕ್ಕ ಹೀಗಿತ್ತು. ಒಬ್ಬರಿಗೆ ವರ್ಷಕ್ಕೆ 7,620 ರೂಪಾಯಿ, ಅಂದರೆ ತಿಂಗಳಿಗೆ 635. ಜನಸಂಖ್ಯೆಯ ಶೇ 75ರಷ್ಟು ಜನರಿಗೆ ಕೊಟ್ಟರೆ ಖರ್ಚು ದೇಶದ ಜಿಡಿಪಿಯ ಸುಮಾರು ಶೇ 4.9. ಆಗ ಕೇಂದ್ರದ್ದೇ ಸುಮಾರು 950 ಯೋಜನೆಗಳಿದ್ದವು. ಅವುಗಳಿಗೆ ಎತ್ತಿಟ್ಟ ದುಡ್ಡು ಜಿಡಿಪಿಯ ಶೇ 5ರಷ್ಟು. ಅಷ್ಟೆಲ್ಲ ಯೋಜನೆ ಇದ್ದೂ ಅತಿ ಬಡ ಜಿಲ್ಲೆಗಳಿಗೆ ಅವು ಸರಿಯಾಗಿ ತಲುಪುತ್ತಿಲ್ಲ, ಬಡವರು ಯಾರು ಅಂತ ಹುಡುಕುವುದರಲ್ಲೇ ತಪ್ಪಾಗುತ್ತಿದೆ ಅನ್ನೋದು ಸಮೀಕ್ಷೆಯ ವಾದ. ಕೊನೆಗೆ ಅದು ಕೈ ಕಟ್ಟಿಕೊಂಡೇ ಮಾತಾಡಿತು. ಜಾರಿಗೆ ಅಲ್ಲದಿದ್ದರೂ ಚರ್ಚೆಗಂತೂ ಕಾಲ ಬಂದಿದೆ ಅಂದಿತು.

ಚರ್ಚೆ ಎಷ್ಟಾಯಿತೋ, ಯೋಜನೆಗಳಂತೂ ಬಂದವು. 2018ರಲ್ಲಿ ತೆಲಂಗಾಣದ ರೈತ ಬಂಧು ಎಕರೆಗೆ ಪ್ರತಿ ಹಂಗಾಮಿಗೆ 4,000 ರೂಪಾಯಿ ಕೊಡಲು ಶುರು ಮಾಡಿತು. 2019ರಲ್ಲಿ ಪಿಎಂ ಕಿಸಾನ್ ಬಂತು, ವರ್ಷಕ್ಕೆ ಮೂರು ಕಂತಿನಲ್ಲಿ 6,000. ಬಂಗಾಳ, ಮಧ್ಯಪ್ರದೇಶ, ತಮಿಳುನಾಡು, ಮಹಾರಾಷ್ಟ್ರ, ನಮ್ಮ ಕರ್ನಾಟಕ ಒಂದಾದಮೇಲೊಂದು ಮಹಿಳೆಯರ ಖಾತೆಗೆ ತಿಂಗಳ ದುಡ್ಡು ಹಾಕತೊಡಗಿದವು. ಯಾವ ಪಕ್ಷ ಅಂತ ಇಲ್ಲ. ಬೇರೆಯವರ ರಾಜ್ಯದಲ್ಲಿ ಅದು ಬಿಟ್ಟಿ, ತಮ್ಮ ರಾಜ್ಯದಲ್ಲಿ ಅದು ಸಬಲೀಕರಣ. ಯುಬಿಐ ಅನ್ನೋ ಹೆಸರು ಮಾತ್ರ ಯಾರೂ ಎತ್ತುತ್ತಿಲ್ಲ.

ದುಡ್ಡು ಕೊಟ್ಟರೆ ಜನ ಸೋಮಾರಿಗಳಾಗುತ್ತಾರಾ?

ಈ ಪ್ರಶ್ನೆ ನಮ್ಮ ಮನೆಯೊಳಗೇ ಇದೆ. ಕಡ್ಲೆಕಾಯಿ ಕೀಳುವ ಕಾಲಕ್ಕೆ ಅಪ್ಪ ಪ್ರತಿ ವರ್ಷ ಗೊಣಗುತ್ತಾರೆ: "ಆಳು ಸಿಗ್ತಿಲ್ಲ. ಎಲ್ಲ ಈ ಎರಡು ಸಾವಿರ ಮಾಡಿದ್ದು." ಪಹಣಿ ಅಪ್ಪನ ಹೆಸರಿನಲ್ಲಿರುವುದರಿಂದ ಪಿಎಂ ಕಿಸಾನ್ ಎರಡು ಸಾವಿರ ಬರೋದು ಅವರಿಗೇ. ಅದು ಬಂದಾಗ ಅವರಿಗೆ ಯಾವ ಸೋಮಾರಿತನವೂ ಬಂದಿದ್ದು ನಾನು ನೋಡಿಲ್ಲ. ಅಮ್ಮ ಒಳಗಿನಿಂದಲೇ ಉತ್ತರ ಕೊಡುತ್ತಾಳೆ: "ಎರಡು ಸಾವಿರಕ್ಕೆ ಯಾರು ತಿಂಗಳೆಲ್ಲ ಕೂತ್ಕೊಂಡು ತಿಂತಾರೆ? ಎಣ್ಣೆ, ಬೇಳೆಗೇ ಆಗಲ್ಲ."

ಆದರೆ ಒಂದು ಮಾತು ನಿಜ. ಅಮ್ಮ ಈಗ ಕಳೆ ಕೀಳೋಕೆ ಕೂಲಿಗೆ ಹೋಗೋದನ್ನು ಕಡಿಮೆ ಮಾಡಿದ್ದಾಳೆ. ಒಂದು ತೋಟಕ್ಕಂತೂ ಹೋಗುವುದೇ ಇಲ್ಲ. ಅಲ್ಲಿ ನೀರು ಕುಡಿಯೋಕೆ ಎದ್ದರೂ ಮಾತು ಕೇಳಬೇಕು. ಮೊದಲು ಬೇರೆ ದಾರಿ ಇರಲಿಲ್ಲ, ಹೋಗುತ್ತಿದ್ದಳು. ಇದನ್ನು ಸೋಮಾರಿತನ ಅನ್ನಬೇಕಾ?

ಬೇರೆ ಕಡೆ ಏನಾಗಿದೆ ಅಂತ ನೋಡಿದೆ. ನಮ್ಮ ದೇಶದಲ್ಲೇ 2011-12ರಲ್ಲಿ ಮಧ್ಯಪ್ರದೇಶದ ಇಂದೋರ್ ಸುತ್ತಿನ ಹಳ್ಳಿಗಳಲ್ಲಿ 'ಸೇವಾ' ಸಂಘಟನೆ ಯುನಿಸೆಫ್ ನೆರವಿನಿಂದ ಒಂದು ಪ್ರಯೋಗ ನಡೆಸಿತು. ಎಂಟು ಹಳ್ಳಿಗಳಲ್ಲಿ ಎಲ್ಲರಿಗೂ, ದೊಡ್ಡವರಿಗೆ ತಿಂಗಳಿಗೆ 200 ರೂಪಾಯಿ, ಮಕ್ಕಳಿಗೆ 100. ಒಂದು ವರ್ಷದ ನಂತರ 300 ಮತ್ತು 150. ದುಡ್ಡು ಕೊಡದ ಹಳ್ಳಿಗಳ ಜೊತೆ ಹೋಲಿಸಿ ನೋಡಿದರು. ಊಟ ಸುಧಾರಿಸಿತ್ತು. ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗುವುದು ಹೆಚ್ಚಿತ್ತು. ಮನೆಗಳಲ್ಲಿ ದನ, ಆಡು ಹೆಚ್ಚಾಗಿದ್ದವು. ಜನ ಕೆಲಸ ಬಿಟ್ಟಿರಲಿಲ್ಲ. ಕೂಲಿ ಕಡಿಮೆ ಮಾಡಿ ಸ್ವಂತ ಹೊಲ, ಸ್ವಂತ ಕಸುಬಿನ ಕಡೆ ಹೊರಳಿದ್ದರು.

ಇರಾನ್ ಇನ್ನೂ ದೊಡ್ಡ ಉದಾಹರಣೆ. 2010ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಪೆಟ್ರೋಲ್, ವಿದ್ಯುತ್, ಬ್ರೆಡ್ಡಿನ ಮೇಲಿನ ಸಬ್ಸಿಡಿ ಕಡಿತ ಮಾಡಿ, ಬದಲಿಗೆ ದೇಶದ ಬಹುತೇಕ ಎಲ್ಲ ಕುಟುಂಬಗಳಿಗೆ ತಲೆಗೆ ತಿಂಗಳಿಗೆ 4,55,000 ರಿಯಾಲ್ ಕೊಡತೊಡಗಿತು. ಅಲ್ಲೂ ಜನ ಸೋಮಾರಿಗಳಾಗುತ್ತಾರೆ ಅಂತ ದೊಡ್ಡ ಗುಲ್ಲೆದ್ದಿತ್ತು. ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದಾಗ ಜನ ಸಾಮೂಹಿಕವಾಗಿ ಕೆಲಸ ಬಿಟ್ಟ ಸುಳಿವು ಸಿಗಲಿಲ್ಲ. ಸಿಕ್ಕಿದ್ದು ಬೇರೆಯದೇ ಪಾಠ. ಮೊತ್ತ ವರ್ಷಗಟ್ಟಲೆ ಹಾಗೇ ಉಳಿಯಿತು, ಬೆಲೆಗಳು ಏರುತ್ತಾ ಹೋದವು. ಯಾರೂ ಯೋಜನೆಯನ್ನು ನಿಲ್ಲಿಸಬೇಕಾಗಲೇ ಇಲ್ಲ. ಹಣದುಬ್ಬರವೇ ಅದನ್ನು ನೆಕ್ಕಿಹಾಕಿತು.

ಕೀನ್ಯಾದಲ್ಲೂ ಚೀಟಿ

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೀನ್ಯಾದ ಪ್ರಯೋಗ. ಗಿವ್‌ಡೈರೆಕ್ಟ್ಲಿ ಅನ್ನೋ ಸಂಸ್ಥೆ ಅಲ್ಲಿನ ಸಿಯಾಯ ಮತ್ತು ಬೊಮೆಟ್ ಎಂಬ ಎರಡು ಜಿಲ್ಲೆಗಳ 295 ಹಳ್ಳಿಗಳನ್ನು ನಾಲ್ಕು ಗುಂಪು ಮಾಡಿತು. 44 ಹಳ್ಳಿಗಳ ದೊಡ್ಡವರಿಗೆಲ್ಲ ದಿನಕ್ಕೆ ಸುಮಾರು ಮುಕ್ಕಾಲು ಡಾಲರ್‌ನಂತೆ ಪ್ರತಿ ತಿಂಗಳು, 12 ವರ್ಷ. 80 ಹಳ್ಳಿಗಳಿಗೆ ಅಷ್ಟೇ ದುಡ್ಡು, ಆದರೆ ಎರಡೇ ವರ್ಷ. 71 ಹಳ್ಳಿಗಳಿಗೆ ಎರಡು ವರ್ಷದ ಮೊತ್ತವನ್ನು ಇಡುಗಂಟಾಗಿ ಕೊಟ್ಟರು. ಉಳಿದ 100 ಹಳ್ಳಿಗಳಿಗೆ ಏನೂ ಇಲ್ಲ, ಹೋಲಿಕೆಗೆ. ನೊಬೆಲ್ ಪುರಸ್ಕೃತ ಅಭಿಜಿತ್ ಬ್ಯಾನರ್ಜಿ ಈ ಅಧ್ಯಯನದಲ್ಲಿದ್ದಾರೆ.

ಮೊದಲ ಎರಡು ವರ್ಷದ ಫಲಿತಾಂಶ 2023ರಲ್ಲಿ ಹೊರಬಂತು. ಇಲ್ಲೂ ಒಟ್ಟು ದುಡಿಮೆ ಕಡಿಮೆಯಾಗಿರಲಿಲ್ಲ. ಕೂಲಿಯಿಂದ ಸ್ವಂತ ವ್ಯಾಪಾರಕ್ಕೆ ಹೊರಳಿತ್ತು. ಇಡುಗಂಟು ಸಿಕ್ಕವರು ಅಂಗಡಿ, ಕಸುಬು ಶುರು ಮಾಡಿದ್ದರು, ಅದು ನಿರೀಕ್ಷಿತವೇ. ಕುತೂಹಲದ ವಿಷಯ ಇರೋದು ತಿಂಗಳಿಗೊಮ್ಮೆ ಪಡೆದ ಎರಡು ಗುಂಪುಗಳಲ್ಲಿ. ಎರಡು ವರ್ಷದ ಕೊನೆಗೆ ಆ ಎರಡೂ ಗುಂಪಿನವರ ಕೈಗೆ ಬಂದಿದ್ದು ಒಂದೇ ಮೊತ್ತ. ಆದರೂ 12 ವರ್ಷದ ಮಾತು ಸಿಕ್ಕವರು ಎರಡು ವರ್ಷದವರಿಗಿಂತ ಹೆಚ್ಚು ಬಂಡವಾಳ ಹೂಡಿದ್ದರು, ಮುಂದೆ ಹೋಗಿದ್ದರು. ಹೇಗೆ? ಅವರು ಊರಿನಲ್ಲಿ ಗುಂಪು ಕಟ್ಟಿಕೊಂಡು ತಿಂಗಳ ದುಡ್ಡನ್ನು ಒಟ್ಟು ಹಾಕಿ, ಸರದಿಯಂತೆ ಒಬ್ಬೊಬ್ಬರು ಇಡುಗಂಟಾಗಿ ಎತ್ತಿಕೊಂಡಿದ್ದರು.

ಓದುತ್ತಿದ್ದಂತೆ ನಗು ಬಂತು. ಇದು ಚೀಟಿ ಅಲ್ವಾ?

ನಮ್ಮಮ್ಮ ಮಾಡಿದ್ದೂ ಇದನ್ನೇ. ಬೀದಿಯ ಹತ್ತು ಜನ ಹೆಂಗಸರು ಸೇರಿ ಗೃಹಲಕ್ಷ್ಮಿ ದುಡ್ಡಿಗೇ ಅಂತ ಒಂದು ಚೀಟಿ ಕಟ್ಟಿಕೊಂಡಿದ್ದಾರೆ. ತಿಂಗಳಿಗೆ ಎರಡು ಸಾವಿರ, ಹತ್ತು ತಿಂಗಳು, ಎತ್ತಿದವರಿಗೆ ಇಪ್ಪತ್ತು ಸಾವಿರ. ಬಡ್ಡಿ ಇಲ್ಲ, ಹರಾಜು ಇಲ್ಲ, ಹೆಸರು ಬರೆದು ಡಬ್ಬಿಗೆ ಹಾಕಿ ಮಗುವಿನ ಕೈಯಲ್ಲಿ ಎತ್ತಿಸುವುದು. ಮೊದಲ ಸುತ್ತಿನಲ್ಲಿ ಅಮ್ಮ ಎರಡು ಕುರಿ ತಂದಳು. ಕೂಲಿ ಬಿಟ್ಟ ದಿನಗಳಲ್ಲಿ ಅವುಗಳ ಹಿಂದೆ ಅಲೆಯುತ್ತಾಳೆ. ಅಪ್ಪನ ಲೆಕ್ಕದಲ್ಲಿ ಒಬ್ಬ ಆಳು ಕಡಿಮೆ. ಅಮ್ಮನ ಲೆಕ್ಕದಲ್ಲಿ ಎರಡು ಕುರಿ ಹೆಚ್ಚು.

ಲೆಕ್ಕ ಕೊಡಬೇಕಿಲ್ಲದ ದುಡ್ಡು

ನಾನು ಅಮ್ಮನಿಗೆ ತಿಂಗಳಿಗೆ ಐದು ಸಾವಿರ ಕಳಿಸುತ್ತೇನೆ. ಕಳಿಸಿದ ದಿನ ಸಂಜೆ ಅವಳು ಫೋನ್ ಮಾಡುತ್ತಾಳೆ. ಯಾವತ್ತೂ ನಾನು ಕೇಳಿದವಳಲ್ಲ, ಆದರೂ ಒಪ್ಪಿಸುತ್ತಾಳೆ. ಗ್ಯಾಸಿಗೆ ಇಷ್ಟು, ಅಪ್ಪನ ಬಿಪಿ ಮಾತ್ರೆಗೆ ಇಷ್ಟು, ಮದುವೆಗೆ ಮುಯ್ಯಿ ಇಷ್ಟು. ಒಂದು ಸಲ ಸುಮ್ಮನಿರಲಾರದೆ ಕೇಳಿದೆ: "ಅಮ್ಮ, ಗೃಹಲಕ್ಷ್ಮಿ ದುಡ್ಡಲ್ಲಿ ಏನ್ ಮಾಡ್ದೆ?"

ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಅದಕ್ಕೂ ಲೆಕ್ಕ ಕೊಡ್ಬೇಕೇನೇ?" ಅಂದಳು.

ಕೋಪದಲ್ಲಿ ಹೇಳಿದ್ದಲ್ಲ, ನಗುತ್ತಲೇ ಹೇಳಿದ್ದು. ಆದರೆ ಮದುವೆಯಾಗಿ ಮೂವತ್ತು ವರ್ಷದಲ್ಲಿ ಅಮ್ಮ ಯಾರಿಗೂ ಲೆಕ್ಕ ಕೊಡದೆ ಖರ್ಚು ಮಾಡಿದ ದುಡ್ಡು ಎಷ್ಟಿರಬಹುದು ಅಂತ ಅವತ್ತು ಯೋಚಿಸಿದೆ. ಅಪ್ಪ ಕೆಟ್ಟವರಲ್ಲ. ಕೇಳಿದರೆ ಕೊಡುತ್ತಾರೆ. ಕೇಳಬೇಕು ಅನ್ನೋದೇ ವಿಷಯ. ನನ್ನ ಐದು ಸಾವಿರವೂ ಹಾಗೇ. ನಾನು ಅದನ್ನು ಪ್ರೀತಿಯಿಂದ ಕೊಡುತ್ತಿದ್ದೇನೆ ಅಂದುಕೊಂಡಿದ್ದೆ. ಅವಳಿಗೆ ಅದು ಋಣ.

ದುಡ್ಡೋ, ಅಕ್ಕಿಯೋ?

ಹಾಗಾದರೆ ಎಲ್ಲ ಯೋಜನೆ ಮುಚ್ಚಿ ದುಡ್ಡನ್ನೇ ಕೊಟ್ಟುಬಿಡಬಹುದಾ? ಯುಬಿಐ ಪರ ಇರುವ ಕೆಲವರು ಹಾಗೇ ಹೇಳುತ್ತಾರೆ. ಜೀನ್ ಡ್ರೇಜ್ ಅವರಂಥ ಅರ್ಥಶಾಸ್ತ್ರಜ್ಞರ ಆತಂಕವೂ ಇಲ್ಲೇ ಇದೆ. ಮೂಲ ಆದಾಯದ ಹೆಸರಲ್ಲಿ ರೇಷನ್, ಉದ್ಯೋಗ ಖಾತರಿ, ಪಿಂಚಣಿಗಳಿಗೆ ಕತ್ತರಿ ಬಿದ್ದರೆ ಬಡವರು ಇದ್ದದ್ದನ್ನೂ ಕಳೆದುಕೊಳ್ಳುತ್ತಾರೆ ಅನ್ನೋದು ಆ ಆತಂಕ.

ಇದರ ರುಚಿ ಕರ್ನಾಟಕದವರಿಗೆ ಗೊತ್ತು. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿ ಹೊಂದಿಸಲಾಗದೆ ರಾಜ್ಯ ಸರ್ಕಾರ ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕತೊಡಗಿತು. 2025ರಲ್ಲಿ ಮತ್ತೆ ಅಕ್ಕಿಗೇ ಮರಳಿತು. ದುಡ್ಡು ಬಿಟ್ಟು ಅಕ್ಕಿ ಬಂದಾಗ ಅಮ್ಮ ಬೇಜಾರಾಗಿರಬಹುದು ಅಂದುಕೊಂಡಿದ್ದೆ. "ಅಯ್ಯೋ, 34ಕ್ಕೆ ಅಂಗಡೀಲಿ ಉಣ್ಣೋ ಅಂಥ ಅಕ್ಕಿ ಯಾರು ಕೊಡ್ತಾರೆ? ಅಕ್ಕಿ ಅಂದ್ರೆ ಅಕ್ಕಿ. ರೇಟು ಏನಾದ್ರೂ ಆಗ್ಲಿ, ಐದು ಕೆಜಿ ಐದು ಕೆಜೀನೇ" ಅಂದಳು. ಲೆಕ್ಕ ಕೊಡಬೇಕಿಲ್ಲದ ದುಡ್ಡು ಇಷ್ಟಪಡುವ ಅದೇ ಅಮ್ಮ.

ಜಾರ್ಖಂಡಿನ ರಾಂಚಿ ಬಳಿಯ ನಗ್ರಿ ಎಂಬಲ್ಲಿ 2017ರ ಅಕ್ಟೋಬರ್‌ನಲ್ಲಿ ಇದೇ ಪ್ರಯೋಗ ಇನ್ನೂ ವಿಚಿತ್ರವಾಗಿ ನಡೆಯಿತು. ರೂಪಾಯಿಗೆ ಕೆಜಿ ಸಿಗುತ್ತಿದ್ದ ರೇಷನ್ ಅಕ್ಕಿಗೆ ಜನ ಮೊದಲು ಬ್ಯಾಂಕಿಗೆ ಹೋಗಿ ಸಬ್ಸಿಡಿ ದುಡ್ಡು ಬಿಡಿಸಿಕೊಂಡು, ಅದನ್ನು ತಂದು ಅದೇ ರೇಷನ್ ಅಂಗಡಿಯಲ್ಲಿ ಕೆಜಿಗೆ 32 ರೂಪಾಯಿ ಕೊಟ್ಟು ಕೊಳ್ಳಬೇಕಾಯಿತು. ದುಡ್ಡು ಬಂದಿದೆಯೋ ಇಲ್ಲವೋ ಅಂತ ನೋಡೋಕೆ ಒಂದು ದಿನ, ಬಿಡಿಸೋಕೆ ಒಂದು ದಿನ, ಅಕ್ಕಿಗೆ ಒಂದು ದಿನ. ಕೂಲಿ ಮಾಡೋರ ಮೂರು ದಿನ ಹೋಯಿತು. ಸ್ವಯಂಸೇವಕರ ಸಮೀಕ್ಷೆಯಲ್ಲಿ ಶೇ 97ರಷ್ಟು ಜನ ಹಳೆಯ ಪದ್ಧತಿಯೇ ಬೇಕು ಅಂದರು. 2018ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ನಮಗೆ ಯುಪಿಐ ಇದೆ, ಎರಡು ಸೆಕೆಂಡಿನ ಕೆಲಸ. ಬ್ಯಾಂಕ್ ಎಂಟು ಕಿಲೋಮೀಟರ್ ದೂರ ಇರೋರಿಗೆ 'ನೇರ ನಗದು' ಅಷ್ಟು ನೇರ ಅಲ್ಲ.

ಕೂಡಿ ಕಳೆದರೆ

ಈಗ ನನ್ನ ಸಹೋದ್ಯೋಗಿಯ ಕಡೆಯಿಂದ ನೋಡೋಣ. ತೆರಿಗೆ ಕಟ್ಟುವವರ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ.

ದೇಶದ 140 ಕೋಟಿ ಜನರಿಗೂ ತಿಂಗಳಿಗೆ ಬರೀ 1,000 ರೂಪಾಯಿ ಕೊಡ್ತೀವಿ ಅಂದುಕೊಳ್ಳಿ. ವರ್ಷಕ್ಕೆ 16.8 ಲಕ್ಷ ಕೋಟಿ ಬೇಕು. 2025-26ರ ಕೇಂದ್ರ ಬಜೆಟ್‌ನ ಒಟ್ಟು ಗಾತ್ರ 50.65 ಲಕ್ಷ ಕೋಟಿ. ಅಂದರೆ ಮೂರನೇ ಒಂದು ಭಾಗ. ಹಳೇ ಯೋಜನೆ ನಿಲ್ಲಿಸಿ ಹೊಂದಿಸ್ತೀವಿ ಅಂದರೂ ಆಗೋದಿಲ್ಲ. ಅದೇ ಬಜೆಟ್‌ನಲ್ಲಿ ಆಹಾರ ಸಬ್ಸಿಡಿ ಸುಮಾರು 2 ಲಕ್ಷ ಕೋಟಿ, ಉದ್ಯೋಗ ಖಾತರಿ 86 ಸಾವಿರ ಕೋಟಿ. ಎರಡನ್ನೂ ಪೂರ್ತಿ ಕಿತ್ತುಕೊಂಡರೂ ಬೇಕಾದದ್ದರಲ್ಲಿ ಐದನೇ ಒಂದು ಭಾಗವೂ ಬರುವುದಿಲ್ಲ.

ನಮ್ಮ ರಾಜ್ಯದ ಕಥೆಯೂ ಹಗುರವಲ್ಲ. 2025-26ರಲ್ಲಿ ಗೃಹಲಕ್ಷ್ಮಿಗೆ ಎತ್ತಿಟ್ಟಿದ್ದು 28,608 ಕೋಟಿ. ಐದೂ ಗ್ಯಾರಂಟಿ ಸೇರಿ ಸುಮಾರು 51 ಸಾವಿರ ಕೋಟಿ, ಅಂದರೆ 4.09 ಲಕ್ಷ ಕೋಟಿಯ ಬಜೆಟ್‌ನಲ್ಲಿ ಎಂಟನೇ ಒಂದು ಭಾಗ. ಈ ದುಡ್ಡಿನಲ್ಲಿ ರಸ್ತೆ, ಶಾಲೆ, ಆಸ್ಪತ್ರೆ ಆಗಬಹುದಿತ್ತು ಅನ್ನೋ ಮಾತಿಗೆ ಅರ್ಥ ಇದೆ. ನಮ್ಮೂರಿನ ಆಸ್ಪತ್ರೆಗೆ ಒಬ್ಬ ಹೆರಿಗೆ ಡಾಕ್ಟರು ಬಂದರೆ ಅಮ್ಮನ ಎರಡು ಸಾವಿರಕ್ಕಿಂತ ದೊಡ್ಡ ಉಪಕಾರ ಆದೀತು ಅಂತ ನನಗೂ ಅನಿಸುತ್ತದೆ.

ಆದರೆ ಒಂದು ತಿದ್ದುಪಡಿ. 'ನಮ್ಮ ಟ್ಯಾಕ್ಸ್' ಅಂದಾಗ ನಾವು ಫಾರ್ಮ್ 16 ಒಂದನ್ನೇ ನೋಡ್ತೀವಿ. ಅಮ್ಮ ಸೋಪು ಕೊಂಡರೂ ಜಿಎಸ್‌ಟಿ ಕಟ್ಟುತ್ತಾಳೆ. ಮೊಬೈಲ್ ರೀಚಾರ್ಜಿಗೂ ಕಟ್ಟುತ್ತಾಳೆ. ಅವಳಿಗೆ ಅದರ ಫಾರ್ಮ್ ಯಾರೂ ಕೊಡೋದಿಲ್ಲ, ಅಷ್ಟೇ.

ತಾರೀಖು ಯಾವುದು?

ಒಂದು ತಿಂಗಳು ಅಮ್ಮನ ಫೋನ್ ಹೊತ್ತಲ್ಲದ ಹೊತ್ತಿನಲ್ಲಿ ಬಂತು. ನಾನು ಮೀಟಿಂಗಿನಲ್ಲಿದ್ದೆ. ಹೊರಗೆ ಬಂದು ಮಾಡಿದರೆ ಸುತ್ತಿ ಬಳಸಿ ಮಾತಾಡಿದಳು. ಊಟ ಆಯ್ತಾ, ಮಳೆ ಬಂತಾ. ಕೊನೆಗೆ ವಿಷಯಕ್ಕೆ ಬಂದಳು. ಗೃಹಲಕ್ಷ್ಮಿ ಎರಡು ತಿಂಗಳಿಂದ ಬಂದಿಲ್ಲ. ಹೋದ ತಿಂಗಳ ಚೀಟಿಗೆ ಹೇಗೋ ಹೊಂದಿಸಿದ್ದಾಳೆ. ಈ ತಿಂಗಳದ್ದು ನಾಳೆ ಕಟ್ಟಬೇಕು. "ಎರಡು ಸಾವಿರ ಹಾಕ್ತೀಯಾ? ಕೈಗಡ" ಅಂದಳು.

ಕೈಗಡ! ಮಗಳಿಗೆ.

ಗೃಹಲಕ್ಷ್ಮಿ ಕಂತುಗಳು ತಡವಾಗಿದ್ದು, ಕೆಲವು ಬಾಕಿ ಉಳಿದಿದ್ದು ವಿಧಾನಮಂಡಲದಲ್ಲೂ ಚರ್ಚೆಯಾದ ವಿಷಯ, ಹೊಸದಲ್ಲ. ದುಡ್ಡು ಕೊನೆಗೆ ಬರಬಹುದು, ಎರಡು ಕಂತು ಒಟ್ಟಿಗೇ ಬರಬಹುದು. ಬಜೆಟ್ ಪುಸ್ತಕದಲ್ಲಿ ನೋಡಿದರೆ ಏನೂ ಕಡಿಮೆಯಾಗಿರುವುದಿಲ್ಲ. ಆದರೆ ಚೀಟಿಗೆ ಒಂದು ತಾರೀಖಿದೆ. ಸಂಘದ ಸಾಲದ ಕಂತಿಗೆ ಇಂಥ ವಾರ ಅಂತ ಇದೆ. ಮೈಕ್ರೋಫೈನಾನ್ಸಿನವರು ಬಾಗಿಲಿಗೆ ಬರೋದಕ್ಕೂ ದಿನ ಇದೆ. ಕೊಡೋದಕ್ಕೆಲ್ಲ ತಾರೀಖಿದೆ, ಬರೋದಕ್ಕೆ ಮಾತ್ರ ಇಲ್ಲ.

ಆಗ ಕೀನ್ಯಾದ ಲೆಕ್ಕ ನೆನಪಾಯಿತು. ಒಂದೇ ಮೊತ್ತ ಪಡೆದ ಎರಡು ಗುಂಪಿನಲ್ಲಿ ಬೆಳೆದದ್ದು 'ಮುಂದೆಯೂ ಬರುತ್ತೆ' ಅಂತ ನಂಬಿದ ಗುಂಪು. ಆ ನಂಬಿಕೆ ಇದ್ದರೆ ಹತ್ತು ಜನ ಸೇರಿ ಚೀಟಿ ಕಟ್ಟಬಹುದು, ಕುರಿ ತರಬಹುದು, ಬೈಯುವ ತೋಟಕ್ಕೆ ಬರಲ್ಲ ಅನ್ನಬಹುದು. ಇಲ್ಲದಿದ್ದರೆ ಅದೇ ಎರಡು ಸಾವಿರ ಬಂದಾಗ ಬಂತು, ಹೋದಾಗ ಹೋಯಿತು, ಹಬ್ಬದ ಇನಾಮಿನ ಹಾಗೆ. ನಾವು ಅದನ್ನು ಭಾಗ್ಯ ಅಂತ ಕರೆಯುವುದು ತಪ್ಪೇನಲ್ಲ ಅನಿಸಿತು. ಸಂಬಳಕ್ಕೆ ಯಾರೂ ಭಾಗ್ಯ ಅನ್ನೋದಿಲ್ಲ.

ಮೊತ್ತದ ವಿಷಯದಲ್ಲೂ ಇದೇ ಭಯ. ಕೇಂದ್ರದ ವೃದ್ಧಾಪ್ಯ ವೇತನದಲ್ಲಿ 80 ವರ್ಷದೊಳಗಿನವರಿಗೆ ದಿಲ್ಲಿಯ ಪಾಲು ತಿಂಗಳಿಗೆ 200 ರೂಪಾಯಿ. ಒಂದೂವರೆ ದಶಕಕ್ಕೂ ಮೀರಿ ಅದು 200ರಲ್ಲೇ ನಿಂತಿದೆ. ಮೇಲಿನದ್ದನ್ನು ರಾಜ್ಯ ಸೇರಿಸಿಕೊಳ್ಳಬೇಕು. ಗೃಹಲಕ್ಷ್ಮಿಯ 2,000ವೂ ಬೆಲೆಯ ಜೊತೆ ಏರುವ ಹಾಗೆ ಎಲ್ಲೂ ಬರೆದಿಲ್ಲ. ಇರಾನಿನ ದಾರಿ ನಮಗೆ ದೂರವೇನಲ್ಲ.

ಎಲ್ಲ ಓದಿ, ಕೇಳಿ, ನನಗೆ ಅನಿಸಿದ್ದು ಇಷ್ಟು. ಎಲ್ಲರಿಗೂ ಸಾಕಾಗುವಷ್ಟು ಮೂಲ ಆದಾಯ ಕೊಡುವ ಶಕ್ತಿ ಇವತ್ತು ಈ ದೇಶಕ್ಕಿಲ್ಲ. ರೇಷನ್ ಕಿತ್ತು ದುಡ್ಡು ಕೊಡುವುದು ಮೋಸದ ಮಾತು. ಆದರೆ ಕೊಡ್ತೀವಿ ಅಂತ ಒಪ್ಪಿಕೊಂಡ ಸಣ್ಣ ಮೊತ್ತವನ್ನಾದರೂ ಹಕ್ಕಿನ ಹಾಗೆ ಕೊಡಬಹುದು. ಇಂಥ ತಾರೀಖು ಅಂತ ಬರೆದಿಡಬಹುದು. ಚುನಾವಣೆಗೆ ಮುಂಚೆ ಎರಡು ಕಂತು, ಆಮೇಲೆ ಕಾಯಿರಿ ಅನ್ನದೆ ಇರಬಹುದು. ಬೆಲೆ ಏರಿದಂತೆ ಸ್ವಲ್ಪ ಏರಿಸಬಹುದು. ಅಣ್ಣನ ಮನೆಯಲ್ಲಿರುವ ಆ ಹೆಂಗಸಿಗೆ ಅವಳದೇ ಹೆಸರಿನಲ್ಲಿ ಕೊಡಬಹುದು. ಯುಬಿಐ ಕಡೆಗಿನ ದಾರಿ ದೊಡ್ಡ ಮೊತ್ತದಿಂದ ಶುರುವಾಗಬೇಕಿಲ್ಲ, ತಪ್ಪದ ತಾರೀಖಿನಿಂದ ಶುರುವಾಗಬಹುದು.

ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮ ಬೀರುವಿನಿಂದ ನಾಲ್ಕು ಐನೂರರ ನೋಟು ತೆಗೆದು ನನ್ನ ಕೈಗಿಟ್ಟಳು. "ಕಂತು ಬಂತು. ತಗೋ ನಿನ್ನದು." ಬೇಡಮ್ಮ, ಇಟ್ಕೋ ಅಂದೆ. ಅವಳ ಮುಖ ಸಪ್ಪಗಾಯಿತು. ಕೈಗಡ ಅಂದಮೇಲೆ ಕೈಗಡವೇ. ತಗೊಂಡೆ. ಅಮ್ಮ ನನಗೆ ಸಾಲ ತೀರಿಸಿದ್ದು ಅದೇ ಮೊದಲು. ಅವತ್ತು ಅವಳು ನಡೆದಾಡುವ ಗತ್ತೇ ಬೇರೆ ಇತ್ತು.

ಮೊನ್ನೆ ಆಫೀಸಿನಲ್ಲಿ ಸಂಬಳ ಒಂದು ದಿನ ತಡವಾಯಿತು. ಏನೋ ತಾಂತ್ರಿಕ ತೊಂದರೆ. ಬೆಳಗ್ಗೆ ಹತ್ತಕ್ಕೆಲ್ಲ ಟೀಮಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನಲವತ್ತು ಮೆಸೇಜು. ಇಎಂಐ ಬೌನ್ಸ್ ಆಗುತ್ತೆ, ಬಾಡಿಗೆ ಕಟ್ಟಬೇಕು, ಯಾರನ್ನು ಕೇಳೋದು. ಮಧ್ಯಾಹ್ನ ಊಟಕ್ಕೆ ಕೂತಾಗ ಅದೇ ಸಹೋದ್ಯೋಗಿ, "ಒಂದು ದಿನ ಲೇಟ್ ಆದ್ರೆ ಎಲ್ಲ ಪ್ಲಾನ್ ಹಾಳು ನೋಡಿ" ಅಂದರು.

"ನಮ್ಮಮ್ಮನಿಗೆ ಎರಡು ತಿಂಗಳು ಲೇಟ್ ಆಗಿತ್ತು" ಅಂದೆ.

"ಅವರೆಲ್ಲಿ ಕೆಲಸ ಮಾಡೋದು?" ಅಂತ ಕೇಳಿದರು.

ಈ ಸಲ ಹೇಳಿದೆ.